ಬದಲಿ ಹೋದವರು, ಬದಲಿಗೆ ಬಂದವರು

ಮುಂಬೈಯ ಕಚೇರಿಗಳಲ್ಲಿ ‘ಸಾಹೇಬಾಂಚಿ ಬದಲಿ ಝಾಲಿ’ ಎಂದರೆ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು ಎಂದರ್ಥ. ಊರಿಂದ ಹೊಸದಾಗಿ ಬಂದ ಕನ್ನಡಿಗ ಇದನ್ನು ಕೇಳಿ, ಅವರ ಜಾಗಕ್ಕೆ ಯಾರು ಬಂದರು ಎಂದು ವಿಚಾರಿಸಿಯಾನು. ನಮಗೆ ಬಂದವನು ಬದಲಿ. ಮರಾಠಿ ಕಚೇರಿಯಲ್ಲಿ ಹೋಗುವುದೇ ಬದಲಿ.

ಹಾಗೆಂದು ನಮ್ಮ ಅರ್ಥ ಮರಾಠಿಗೆ ಹೊಸದೇನಲ್ಲ. ಮುಂಬೈಯ ಗಿರಣಿ ಪ್ರದೇಶವಾಗಿದ್ದ ಪರಳ, ಲಾಲ್‌ಬಾಗ್ ಕಡೆಯ ಹಳಬರನ್ನು ‘ಬದಲಿ ಕಾಮಗಾರ’ ಎಂದರೆ ಯಾರೆಂದು ಕೇಳಿ ನೋಡಿ. ಬಟ್ಟೆ ಗಿರಣಿಯ ಬಾಗಿಲಲ್ಲಿ ಬೆಳಗ್ಗೆ ಹಾಜರಾಗಿ, ಕಾಯಂ ಕೆಲಸಗಾರ ಬಾರದಿದ್ದರೆ ಮಾತ್ರ ಒಳಗೆ ಹೋಗುತ್ತಿದ್ದವನು. ಇನ್ನೊಬ್ಬನಿಗೆ ಜ್ವರ ಬಂದರೆ ಇವನಿಗೆ ಆ ದಿನದ ಕೂಲಿ. ವರ್ಷಗಟ್ಟಲೆ ಬದಲಿಯಾಗಿಯೇ ಉಳಿದವರಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಬದಲಿಗಳನ್ನು ಕಾಯಂ ಮಾಡಬೇಕೆಂಬುದೂ ಬೇಡಿಕೆಗಳಲ್ಲಿ ಒಂದಾಗಿತ್ತು. ಆಮೇಲೆ ಗಿರಣಿಗಳೇ ಒಂದೊಂದಾಗಿ ಮುಚ್ಚಿದವು.

ಈ ಊರಲ್ಲಿದ್ದು ಕನ್ನಡ ಪತ್ರಿಕೆ ಓದುವಾಗ ನನಗೆ ‘ಬದಲಾಯಿಸು’ ಕಣ್ಣಿಗೆ ಚುಚ್ಚುತ್ತದೆ. ಬಲ್ಬ್ ಬದಲಾಯಿಸಿದರೆ ಹಳೆಯದು ಕಸಕ್ಕೆ. ಮನೆ ಬದಲಾಯಿಸಿದರೆ ಮನೆ ಅಲ್ಲೇ ಇರುತ್ತದೆ, ಗಂಟುಮೂಟೆ ಕಟ್ಟುವವರು ನಾವು. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿದರೆ ಹಳೆ ಬಸ್ಸು ತನ್ನ ಪಾಡಿಗೆ ಹೋಗುತ್ತದೆ. ಇಲ್ಲೆಲ್ಲ ಯಾರಿಗೂ ಗೊಂದಲವಿಲ್ಲ, ನನ್ನ ತಕರಾರೂ ಇಲ್ಲ. ಆದರೆ ‘ಗುತ್ತಿಗೆ ಸಿಬ್ಬಂದಿಯನ್ನು ಬದಲಾಯಿಸಲಾಗಿದೆ’ ಎಂದು ಬರೆದಾಗ ಆ ಜನ ಬೇರೆ ಕಡೆಗೆ ಹೋದರೋ, ಕೆಲಸವನ್ನೇ ಕಳೆದುಕೊಂಡರೋ? ಬದಲಾಯಿಸಿದವರು ಯಾರು? ‘ಲಾಗಿದೆ’ ಎಂಬ ಬಾಲ ಅದನ್ನೂ ಮುಚ್ಚಿಡುತ್ತದೆ. ಅಂಗಡಿ ಕಟ್ಟೆಯ ಮಾತಿನಲ್ಲಿ ಹೀಗಾಗುವುದಿಲ್ಲ: ‘ಹಳಬರನ್ನ ಬಿಡಿಸಿದ್ರು, ಅವರ ಜಾಗಕ್ಕೆ ಬೇರೆಯವರನ್ನ ತಗೊಂಡ್ರು.’ ತುಸು ಉದ್ದವಾಯಿತು, ನಿಜ. ಪತ್ರಿಕೆಯಲ್ಲಿ ಅಷ್ಟು ಜಾಗ ಕೊಡಬಹುದು.

ಶಿಕ್ಷೆಯ ವರ್ಗಾವಣೆಗೆ ಮಾತ್ರ ಎರಡೂ ಭಾಷೆಗಳಲ್ಲಿ ನಾಚಿಕೆ ಬಿಟ್ಟ ಪದಗಳಿವೆ. ನಮ್ಮದು ‘ಎತ್ತಂಗಡಿ’, ಮರಾಠಿಯದು ‘ಉಚಲಬಾಂಗಡಿ’. ‘ಉಚಲಣೆ’ ಎಂದರೂ ಎತ್ತುವುದೇ. ‘ಆಡಳಿತಾತ್ಮಕ ಕಾರಣಗಳಿಂದ’ ಎಂದು ಆದೇಶದಲ್ಲಿ ಎಷ್ಟೇ ನಯವಾಗಿ ಬರೆದಿರಲಿ, ಅಧಿಕಾರಿಯನ್ನು ಯಾರೋ ಎತ್ತಿ ಹಾಕಿದರು ಎಂಬುದು ತಲೆಬರಹದಲ್ಲೇ ಗೊತ್ತಾಗುತ್ತದೆ. ಪಾಪ, ಗುತ್ತಿಗೆಯವರಿಗೆ ಈ ಪದದ ಭಾಗ್ಯವೂ ಇಲ್ಲ. ಅದೇನಿದ್ದರೂ ತಹಶೀಲ್ದಾರರಿಗೆ, ಪೊಲೀಸ್ ಅಧಿಕಾರಿಗಳಿಗೆ.