ಎಸ್‌ಎಂಪಿಎಸ್ ಮೇಲೆ ಹಲ್ಲಿ ಬಿದ್ದರೆ ಏನು ಫಲ?

ಕಂಪ್ಯೂಟರಿನ ಒಳಗೆ ಹೊಗಳಿಸಿಕೊಳ್ಳುವ ಭಾಗ್ಯವಿಲ್ಲದ ಅಂಗವೊಂದಿದ್ದರೆ ಅದು ಎಸ್‌ಎಂಪಿಎಸ್. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟಿದೆ, ಎಸ್‌ಎಸ್‌ಡಿ ಹಾಕಿಸಿದ್ದೀರಾ ಎಂದು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ವಿಚಾರಿಸುತ್ತಾರೆ. ನಿಮ್ಮ ಎಸ್‌ಎಂಪಿಎಸ್ ಆರೋಗ್ಯವಾಗಿದೆಯೇ ಎಂದು ನನ್ನನ್ನು ಇಂದಿನವರೆಗೆ ಯಾರೂ ಕೇಳಿಲ್ಲ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ಎಂದು ಪಾಲು ಮಾಡಿ, ಯಾರ್ಯಾರಿಗೆ ಎಷ್ಟೆಷ್ಟೋ ಅಷ್ಟಷ್ಟು ಹಂಚಿ, ಮೂಲೆಯಲ್ಲಿ ಬಿಸಿಯುಸಿರು ಬಿಡುತ್ತಾ ಕೂರುವ ತಗಡಿನ ಪೆಟ್ಟಿಗೆ ಅದು. ಕಂಪ್ಯೂಟರ್ ಕೊಳ್ಳುವಾಗಲೂ ಎಲ್ಲದಕ್ಕೂ ಖರ್ಚು ಮಾಡಿ ಮುಗಿದ ಮೇಲೆ ಉಳಿದ ಚಿಲ್ಲರೆಯಲ್ಲಿ ಬರುವುದು ಇದೇ.

ನಮ್ಮ ಮನೆಯದು ಕೆಲಸ ನಿಲ್ಲಿಸಿದ್ದು ನೆಂಟರೊಬ್ಬರ ಲಗ್ನಪತ್ರಿಕೆಯ ಕರಡನ್ನು ನಾನು ನುಡಿ ತಂತ್ರಾಂಶದಲ್ಲಿ ತಿದ್ದುತ್ತಿದ್ದ ಸಂಜೆ. ವರನ ಹೆಸರು, ವರನ ತಾತನ ಹೆಸರು, ವರನ ಕಂಪನಿಯ ಹೆಸರು ಎಲ್ಲವೂ ಮುಗಿದು ವಧುವಿನ ಹೆಸರು ಬರುವಷ್ಟರಲ್ಲಿ ‘ಟಪ್’ ಎಂದಿತು. ಪರದೆ ಕಪ್ಪಾಯಿತು. ಹಿಂದೆಯೇ ಸುಟ್ಟ ವಾಸನೆ. ಹೆಂಡತಿ ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಏನೂ ಇಲ್ಲವೆಂದು ಖಚಿತವಾದ ಮೇಲೆ ನಿಧಾನವಾಗಿ ಹೊರಗೆ ಬಂದು, "ಸದ್ಯ, ನಿಮ್ಮ ಕಂಪ್ಯೂಟರ್ ಅಷ್ಟೇ" ಎಂದಳು.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಆಗ ಮನೆಯಲ್ಲೇ ಇದ್ದ. ಇಂಥ ಸಾವುನೋವುಗಳಲ್ಲಿ ಅವನ ಮುಖದಲ್ಲಿ ಕಾಣುವ ಉತ್ಸಾಹ ಪರೀಕ್ಷೆಯ ದಿನಗಳಲ್ಲಿ ಕಾಣುವುದಿಲ್ಲ. "ಮಾವ, ಒಂದು ಪೇಪರ್ ಕ್ಲಿಪ್ ಕೊಡಿ, ಸತ್ತಿದೆಯೋ ಬದುಕಿದೆಯೋ ಈಗಲೇ ಹೇಳುತ್ತೇನೆ" ಎಂದ. ಎಸ್‌ಎಂಪಿಎಸ್ಸಿನಿಂದ ಹೊರಡುವ ದೊಡ್ಡ ಕನೆಕ್ಟರಿನ 24 ರಂಧ್ರಗಳಲ್ಲಿ ಹಸಿರು ತಂತಿ ಒಂದೇ ಒಂದು. ಪ್ಲಗ್ ಕಿತ್ತು, ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸಿ, ಆ ಹಸಿರನ್ನು ಪಕ್ಕದ ಯಾವುದಾದರೂ ಕಪ್ಪು ತಂತಿಗೆ ಲೋಹದ ಚೂರಿನಿಂದ ಜೋಡಿಸಿ, ಆಮೇಲೆ ಕರೆಂಟು ಕೊಟ್ಟರೆ ಫ್ಯಾನ್ ತಿರುಗಬೇಕು. ತಿರುಗಿದ ಮಾತ್ರಕ್ಕೆ ಗಟ್ಟಿಮುಟ್ಟಾಗಿದೆ ಎಂದಲ್ಲ, ತಿರುಗದಿದ್ದರೆ ಮಾತ್ರ ಆಸೆ ಬಿಡಬಹುದು. ಪೇಪರ್ ಕ್ಲಿಪ್ ಸಿಗಲಿಲ್ಲ. ಕಚೇರಿಯಿಂದ ನಿವೃತ್ತನಾದವನ ಮನೆಯಲ್ಲಿ ಪೇಪರ್ ಕ್ಲಿಪ್ ಇಲ್ಲವೆಂದರೆ ನಾನು ಎಂಥ ಪ್ರಾಮಾಣಿಕ ನೌಕರನಾಗಿದ್ದೆ ಎಂಬುದು ಓದುಗರಿಗೆ ತಿಳಿಯಲಿ. ಕೊನೆಗೆ ಹೆಂಡತಿಯ ಹೇರ್‌ಪಿನ್ ಬಂತು. ಅದನ್ನು ನೆಟ್ಟಗೆ ಮಾಡಿ, ಬಗ್ಗಿಸಿ, ಪರೀಕ್ಷೆ ನಡೆಸಲಾಯಿತು. ಫ್ಯಾನ್ ಮಿಸುಕಲಿಲ್ಲ. ಹೇರ್‌ಪಿನ್ ಮತ್ತೆ ಮುಡಿಯಲ್ಲಿ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ, ಆ ಬಗ್ಗೆ ಬೇರೆಯೇ ವಿಚಾರಣೆ ನಡೆಯಿತು.

ಅಳಿಯ ಪೆಟ್ಟಿಗೆಯನ್ನು ಬಿಚ್ಚಿಯೇ ನೋಡುತ್ತೇನೆ ಎಂದು ಸ್ಕ್ರೂಡ್ರೈವರ್ ಹುಡುಕತೊಡಗಿದಾಗ ಅದನ್ನು ಕಸಿದುಕೊಂಡು ಬೀದಿಯ ಕೊನೆಯ ಟಿ.ವಿ. ರಿಪೇರಿಯವರ ಬಳಿಗೆ ಹೋದೆವು. "ಮನೆಯಲ್ಲಿ ಬಿಚ್ಚಲಿಲ್ಲ ತಾನೆ?" ಎಂದೇ ಅವರು ಶುರುಮಾಡಿದರು. ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದಂತೆ. ಒಂದು ಹಳೆಯ ಬಲ್ಬಿನ ತಂತಿಗಳನ್ನು ಮುಟ್ಟಿಸಿ ಅದನ್ನು ಇಳಿಸಿದರು. ಟಾರ್ಚ್ ಬಿಟ್ಟು ಒಳಗೆ ಇಣುಕಿದವರು ಒಂದು ಕ್ಷಣ ಬಿಟ್ಟು, "ಸಾರ್, ಇಲ್ಲಿ ಒಬ್ಬರು ಮಲಗಿದ್ದಾರೆ" ಎಂದರು.

ಹಲ್ಲಿ. ಬೆಚ್ಚಗಿದೆಯೆಂದು ಗಾಳಿಕಿಂಡಿಯಿಂದ ಒಳಗೆ ಹೋಗಿ, ಕಾಲಿಡಬಾರದ ಎರಡು ಜಾಗಗಳ ಮೇಲೆ ಒಟ್ಟಿಗೆ ಕಾಲಿಟ್ಟಿದೆ. ಬೋರ್ಡು ಸುಟ್ಟು ತೂತಾಗಿತ್ತು. "ರಿಪೇರಿಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದು ತನ್ನಿ" ಎಂದು ಅವರು ದುಡ್ಡನ್ನೂ ಕೇಳದೆ ಕಳಿಸಿಕೊಟ್ಟರು.

ಮನೆಯಲ್ಲಿ ಈ ಸುದ್ದಿಯನ್ನು ಗಂಭೀರವಾಗಿ ತೆಗೆದುಕೊಂಡವಳು ಅಮ್ಮ ಒಬ್ಬಳೇ. ಕನ್ನಡಕ ಹಾಕಿಕೊಂಡು ಪಂಚಾಂಗ ತೆರೆದಳು. ಹಲ್ಲಿ ಬಿದ್ದರೆ ಏನು ಫಲ ಎಂಬುದಕ್ಕೆ ಅದರಲ್ಲಿ ತಲೆ, ಹಣೆ, ಭುಜ, ಹೊಕ್ಕುಳು, ಅಂಗಾಲು ಎಂದು ಉದ್ದನೆಯ ಪಟ್ಟಿಯಿದೆ. ಗಂಡಸರಿಗೊಂದು ಫಲ, ಹೆಂಗಸರಿಗೊಂದು ಫಲ. ಕಂಪ್ಯೂಟರ್ ಯಾವ ಪಟ್ಟಿಗೆ ಸೇರುತ್ತದೆ, ಅದರ ಹಿಂಭಾಗದ ಮೇಲ್ತುದಿಯನ್ನು ತಲೆ ಎನ್ನಬೇಕೋ ಬೆನ್ನು ಎನ್ನಬೇಕೋ ಎಂಬಲ್ಲಿಗೆ ಬಂದು ಸಂಶೋಧನೆ ನಿಂತಿತು. "ಯಾವುದಕ್ಕೂ ಹೊಸದನ್ನು ಬುಧವಾರ ತಾ" ಎಂದಳು.

ಬುಧವಾರದವರೆಗಿನ ಬಿಡುವು ಚರ್ಚೆಗೆ ಒದಗಿತು. ಅಳಿಯನ ಪ್ರಕಾರ ಕನಿಷ್ಠ 750 ವಾಟ್ ಬೇಕು. ಏಕೆಂದರೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು. ಯಾರು ಹಾಕುತ್ತಾರೆ, ಯಾರ ದುಡ್ಡಿನಲ್ಲಿ ಎಂಬುದನ್ನು ಅವನು ಹೇಳಲಿಲ್ಲ. ನನ್ನ ಕಂಪ್ಯೂಟರಿನ ಪ್ರೊಸೆಸರ್ 65 ವಾಟಿನದು. ಒಂದು ಎಸ್‌ಎಸ್‌ಡಿ, ಒಂದು ಹಳೆಯ ಹಾರ್ಡ್‌ಡಿಸ್ಕ್, ಫ್ಯಾನುಗಳು. ಎಲ್ಲವೂ ಮೈಮುರಿದು ದುಡಿದರೂ 150 ವಾಟ್ ದಾಟುವುದು ಕಷ್ಟ. ಅದಕ್ಕೆ 750 ತರುವುದೆಂದರೆ ಇಬ್ಬರಿಗೆ ಅನ್ನ ಮಾಡಲು ಮಠದ ಕೊಪ್ಪರಿಗೆಯನ್ನು ಒಲೆಯ ಮೇಲಿಟ್ಟಂತೆ. ಮಾವನವರು ಇನ್ನೊಂದು ತುದಿಯವರು: "ಆರುನೂರು ರೂಪಾಯಿಗೆ 450 ವಾಟ್ ಸಿಗುವಾಗ ಮೂರು ಸಾವಿರ ಏಕೆ ಸುರಿಯಬೇಕು? ವಾಟ್ ವಾಟೇ ಅಲ್ಲವೇ?"

ಅಲ್ಲ ಎಂಬುದು ತಿಳಿದದ್ದು ಎಸ್.ಪಿ. ರಸ್ತೆಯಲ್ಲಿ. ಚಿಕ್ಕಪೇಟೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದು, ತಲೆಯ ಮೇಲೆ ಮಾನಿಟರ್ ಹೊತ್ತು ಓಡುವವರಿಗೆ ದಾರಿ ಬಿಡುತ್ತಾ ನಡೆದರೆ, ಬೆಂಗಳೂರಿನ ಯಾವ ಕಂಪ್ಯೂಟರಿನ ಯಾವ ಅಂಗವನ್ನು ಬೇಕಾದರೂ ಬಿಡಿಯಾಗಿ ಮಾರುವ ಆ ರಸ್ತೆ ಸಿಗುತ್ತದೆ. ಮೊದಲ ಅಂಗಡಿಯವನು ನನ್ನ ಮುಖ ನೋಡಿದ ಕೂಡಲೇ ಆರುನೂರರ ಪೆಟ್ಟಿಗೆಯನ್ನೇ ಮುಂದಿಟ್ಟ. ಮೇಲೆ ದೊಡ್ಡದಾಗಿ 450. ಎತ್ತಿದರೆ ಒಳಗೆ ಏನಾದರೂ ಇದೆಯೇ ಎಂದು ಅನುಮಾನ ಬರುವಷ್ಟು ಹಗುರ. ಪಕ್ಕದಲ್ಲಿ ಸಣ್ಣಕ್ಷರದ ಒಂದು ಪಟ್ಟಿ ಅಂಟಿಸಿರುತ್ತಾರೆ, ಸತ್ಯ ಇರುವುದು ಅಲ್ಲಿ. 12 ವೋಲ್ಟಿನ ಕೆಳಗೆ 14 ಆಂಪ್ ಎಂದಿತ್ತು. ಗುಣಿಸಿದರೆ 168 ವಾಟ್. ಈಗಿನ ಕಂಪ್ಯೂಟರುಗಳು ಉಣ್ಣುವುದೆಲ್ಲ ಬಹುಪಾಲು ಆ 12 ವೋಲ್ಟಿನಲ್ಲೇ. ಉಳಿದ ವಾಟುಗಳು ಬೇಡದ ಕಡೆ ಬೇಡದಷ್ಟು ತುಂಬಿಕೊಂಡಿವೆ, ಇಲ್ಲವೇ ಕಾಗದದ ಮೇಲಷ್ಟೇ ಇವೆ. "ಉಳಿದದ್ದು ಎಲ್ಲಿ?" ಎಂದೆ. "ಸಾರ್, ಅದು ಒಟ್ಟು ಸೇರಿಸಿ" ಎಂದ. ಏನನ್ನು ಯಾವುದಕ್ಕೆ ಸೇರಿಸಿ ಎಂದು ಕೇಳುವಷ್ಟರಲ್ಲಿ ಅವನಿಗೆ ಫೋನ್ ಬಂತು.

ಆ ಪೆಟ್ಟಿಗೆಯ ಹಿಂದೆ ಒಂದು ಪುಟ್ಟ ಕೆಂಪು ಸ್ವಿಚ್ಚೂ ಇತ್ತು. ಅದನ್ನು ಕಂಡೊಡನೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದಕ್ಕೆ ಕಾರಣವಿದೆ. ನಾನು ಕೆಲಸದಲ್ಲಿದ್ದ ಕಚೇರಿಯಲ್ಲಿ ಹಳೆಯ ಕಂಪ್ಯೂಟರುಗಳಿಗೆಲ್ಲ ಈ ಸ್ವಿಚ್ ಇತ್ತು: ಒಂದು ಕಡೆ 115, ಇನ್ನೊಂದು ಕಡೆ 230. ಆಯುಧಪೂಜೆಯ ಹಿಂದಿನ ದಿನ ಎಲ್ಲರೂ ಸೇರಿ ಕಂಪ್ಯೂಟರುಗಳನ್ನು ಒರೆಸಿದರು. ನಮ್ಮ ವಿಭಾಗದ ಹಿರಿಯ ಗುಮಾಸ್ತರು ಒರೆಸುವುದೆಂದರೆ ಕೊಳೆಯ ಜೊತೆಗೆ ಬಣ್ಣವೂ ಹೋಗಬೇಕು, ಅಂಥವರು. ಅವರ ಬಟ್ಟೆಯ ಹೊಡೆತಕ್ಕೆ ಒಂದು ಕೆಂಪು ಸ್ವಿಚ್ 115ಕ್ಕೆ ಸರಿದದ್ದು ಯಾರಿಗೂ ತಿಳಿಯಲಿಲ್ಲ. ಆ ಸ್ಥಾನದಲ್ಲಿ ಅದು ಬರುವ ವೋಲ್ಟೇಜನ್ನು ಒಳಗೆ ದುಪ್ಪಟ್ಟು ಮಾಡುತ್ತದೆ, ಅಮೆರಿಕದಂಥ ದೇಶಗಳ ಕಡಿಮೆ ವೋಲ್ಟೇಜಿಗೆಂದು ಇರುವ ಉಪಾಯ. ನಮ್ಮ 230ನ್ನು ಕೊಟ್ಟರೆ 325 ಆಗಬೇಕಾದದ್ದು 650 ಆಗುತ್ತದೆ. ಮರುದಿನ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತುವಾಗ ಸಾಹೇಬರು, "ಎಲ್ಲ ಯಂತ್ರಗಳನ್ನೂ ಚಾಲೂ ಮಾಡಿ" ಎಂದರು. ಘಂಟೆಯ ಸದ್ದನ್ನು ಮೀರಿ ಒಂದು ಢಮಾರ್. ಹೊಗೆ ಧೂಪದ ಹೊಗೆಯೊಂದಿಗೆ ಬೆರೆಯಿತು. ಸಾಹೇಬರು ಆರತಿಯನ್ನು ಬಿಡದೆ, "ದೃಷ್ಟಿ ಹೋಯಿತು, ಒಳ್ಳೆಯದೇ ಆಯಿತು" ಎಂದರು. ಬೂದುಗುಂಬಳಕಾಯಿ ಒಡೆಯುವ ಮೊದಲೇ ದೃಷ್ಟಿ ಹೋದದ್ದರಿಂದ ಕಾಯಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಯಾರೋ ಮನೆಗೆ ಒಯ್ದು ಮಜ್ಜಿಗೆಹುಳಿ ಮಾಡಿದರೆಂದು ಸುದ್ದಿ.

ಮುಂದಿನ ಅಂಗಡಿಯಲ್ಲಿ ವ್ಯಾಪಾರ ಲೋಹಗಳ ಭಾಷೆಯಲ್ಲಿ ನಡೆಯಿತು. "ಕಂಚು ಬೇಕೋ ಚಿನ್ನ ಬೇಕೋ ಸಾರ್?" 2004ರಲ್ಲಿ ಶುರುವಾದ ‘80 ಪ್ಲಸ್’ ಎಂಬ ಪ್ರಮಾಣಪತ್ರದ ದರ್ಜೆಗಳಿವು. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಟೈಟಾನಿಯಂ. ಬೆಳ್ಳಿ ಮಾತ್ರ ಅಂಗಡಿಗಳಲ್ಲಿ ಕಾಣಸಿಗುವುದು ಅಪರೂಪ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟುತ್ತದೆ, ಎಷ್ಟು ಬಿಸಿಯಾಗಿ ಹಾಳಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಪಕ್ಕದಲ್ಲಿಯೇ ಅದೇ ಆಕಾರದ, ಅದೇ ಬಣ್ಣದ ಮುದ್ರೆಯಿದ್ದ ಇನ್ನೊಂದು ಪೆಟ್ಟಿಗೆ ಇತ್ತು. ಅದರಲ್ಲಿ 80ರ ಬದಲು 85 ಎಂದಿತ್ತು. "ಇದು ಐದು ಹೆಚ್ಚು" ಎಂದ ಹುಡುಗನ ಕಣ್ಣಿನಲ್ಲಿ ಕಪಟವಿರಲಿಲ್ಲ, ಅವನು ನಿಜವಾಗಿಯೂ ಹಾಗೆ ನಂಬಿದ್ದ.

ಅಳಿಯ ಚಿನ್ನಕ್ಕೇ ಅಂಟಿಕೊಂಡ. "ಕರೆಂಟು ಉಳಿಯುತ್ತದೆ ಮಾವ, ಕೊಟ್ಟ ದುಡ್ಡು ವಾಪಸ್ ಬರುತ್ತದೆ." ಸರಿ, ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಅರ್ಧ ಹೊರೆಯಲ್ಲಿ ಕಂಚಿನದು ಶೇ. 85, ಚಿನ್ನದ್ದು ಶೇ. 90 ಎಂಬುದು 115 ವೋಲ್ಟಿನ ಪರೀಕ್ಷೆಯ ಲೆಕ್ಕ. ನನ್ನ ಕಂಪ್ಯೂಟರ್ ಧಾರಾಳವಾಗಿ 100 ವಾಟ್ ಉಂಡರೂ ಗೋಡೆಯಿಂದ ಒಂದು 118 ಎಳೆದರೆ ಇನ್ನೊಂದು 111 ಎಳೆಯುತ್ತದೆ. ದಿನಕ್ಕೆ ಎಂಟು ಗಂಟೆ ನಡೆಸಿದರೆ ತಿಂಗಳಿಗೆ ಉಳಿಯುವುದು ಎರಡು ಯೂನಿಟ್ಟಿಗಿಂತ ಕಡಿಮೆ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಚಿನ್ನಕ್ಕೆ ಕೊಡಬೇಕಾದ ಹೆಚ್ಚುವರಿ ಎರಡೂವರೆ ಸಾವಿರ ಹಿಂದಿರುಗುವ ವೇಳೆಗೆ ಅಳಿಯನ ಮಕ್ಕಳು ಕಾಲೇಜು ಸೇರಿರುತ್ತಾರೆ. ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು. ನಮ್ಮ ಮನೆಗೆ ಗೃಹಜ್ಯೋತಿ ಇದೆ. 200 ಯೂನಿಟ್ಟಿನ ಮಿತಿಯೊಳಗೆ, ಸರಾಸರಿಯ ಮೇಲೆ ಹತ್ತು ಪರ್ಸೆಂಟಿನ ಅಂಚಿನೊಳಗೆ, ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಉಳಿತಾಯ ಮಾಡುವ ಎಸ್‌ಎಂಪಿಎಸ್ಸನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ಚಿನ್ನ ಅಲ್ಲಿಗೆ ಕರಗಿತು.

ಕಳಚಿ ಹಾಕುವ ಕೇಬಲ್ಲುಗಳಿರುವ ಮಾದರಿಯೂ ಬೇಡವೆಂದೆ. ಅಳಿಯನ ಸಹಪಾಠಿಯೊಬ್ಬ ಎಸ್‌ಎಂಪಿಎಸ್ ಬದಲಿಸುವಾಗ, ಹೊಸದಕ್ಕೆ ಬೇರೆ ಕಂಪನಿಯ ಹಳೆಯ ಕೇಬಲ್ ಚುಚ್ಚಿದ್ದನಂತೆ. ಚುಚ್ಚಲು ಸರಿಯಾಗಿಯೇ ಕೂತಿತು. ಆದರೆ ಪೆಟ್ಟಿಗೆಯ ಕಡೆಯ ತುದಿಯಲ್ಲಿ ಯಾವ ತಂತಿ ಎಲ್ಲಿರಬೇಕೆಂಬುದಕ್ಕೆ ಕಂಪನಿಗಳ ನಡುವೆ ಒಪ್ಪಂದವಿಲ್ಲ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ, ಹಾರ್ಡ್‌ಡಿಸ್ಕಿನಲ್ಲಿದ್ದ ಇಡೀ ತರಗತಿಯ ಪ್ರಾಜೆಕ್ಟ್ ವರದಿ ಹೊಗೆಯಾಯಿತು. ನಲವತ್ತು ಮಂದಿ ಅದೊಂದೇ ವರದಿಯನ್ನು ನಕಲು ಮಾಡಲು ಕಾದಿದ್ದರಂತೆ.

ಕೊನೆಗೆ ಕೊಂಡದ್ದು 450 ವಾಟಿನ ಕಂಚು. 12 ವೋಲ್ಟಿನ ಕೆಳಗೆ 36 ಆಂಪ್, ಅಂದರೆ 432 ವಾಟ್. ಈ ಪೆಟ್ಟಿಗೆಯ ಮೇಲೆ ಬರೆದ ಮಾತಿಗೂ ಒಳಗಿನ ಸಾಮಾನಿಗೂ ಸಂಬಂಧವಿತ್ತು, ಕೈಗೆ ಒಂದಿಷ್ಟು ಭಾರವೂ ಆಯಿತು. ತಂದು ಕೂರಿಸಿದರೆ ಹಳೆಯ ಕ್ಯಾಬಿನೆಟ್ಟಿನ ತೂತುಗಳಿಗೆ ನಾಲ್ಕೂ ಸ್ಕ್ರೂಗಳು ಸರಿಯಾಗಿ ಹೊಂದಿದವು. ಇಂಟೆಲ್ 1995ರಲ್ಲಿ ಹಾಕಿಕೊಟ್ಟ ಎಟಿಎಕ್ಸ್ ಮಾದರಿಯ ತೂತುಗಳವು. ಮೊಬೈಲಿನ ಚಾರ್ಜರ್ ತುದಿ ಎಷ್ಟು ವೇಷ ಹಾಕಿತು, ಈ ತಗಡಿನ ಪೆಟ್ಟಿಗೆ ತನ್ನ ಸ್ಕ್ರೂ ಜಾಗವನ್ನು ಬಿಟ್ಟುಕೊಡಲಿಲ್ಲ. ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಕರೆಂಟು ಕೊಡುವ ಮೊದಲು ಅಮ್ಮ, "ತಾಳು" ಎಂದಳು. ಹಿಂದೊಮ್ಮೆ ಭಜನಾ ಮಂಡಳಿಯವರ ಜೊತೆ ಕಂಚಿಗೆ ಹೋಗಿದ್ದಾಗ ವರದರಾಜಸ್ವಾಮಿಯ ದೇವಸ್ಥಾನದಲ್ಲಿ ಚಿನ್ನದ ಹಲ್ಲಿಯನ್ನು ಮುಟ್ಟಿ ಬಂದಿದ್ದಾಳೆ. ಮುಟ್ಟಿದವರಿಗೆ ಹಲ್ಲಿಯ ದೋಷ ತಟ್ಟುವುದಿಲ್ಲ, ಅವರು ಮುಟ್ಟಿದರೆ ಉಳಿದವರಿಗೂ ತಟ್ಟುವುದಿಲ್ಲ ಎಂದು ನಂಬಿಕೆ. ಬೀದಿಯಲ್ಲಿ ಯಾರ ಮೈಮೇಲೆ ಹಲ್ಲಿ ಬಿದ್ದರೂ ಅಮ್ಮನನ್ನು ಹುಡುಕಿಕೊಂಡು ಬರುತ್ತಾರೆ. ಅವಳು ಕ್ಯಾಬಿನೆಟ್ಟಿನ ಒಳಗೆ ಕೈಹಾಕಿ ಹೊಸ ಎಸ್‌ಎಂಪಿಎಸ್ಸನ್ನು ಮೂರು ಸಲ ಸವರಿದಳು. ನಾನು ಅತ್ತ ಖಾತರಿ ಪತ್ರ ಓದುತ್ತಿದ್ದೆ. ಐದು ವರ್ಷ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ, ಕೀಟಗಳು ಮತ್ತು ಪ್ರಾಣಿಗಳಿಂದಾದ ಹಾನಿಗೆ ಖಾತರಿ ಅನ್ವಯಿಸುವುದಿಲ್ಲ ಎಂದಿದ್ದರು. ಕಂಪನಿ ಕೈಬಿಟ್ಟ ಅಷ್ಟು ಭಾಗವನ್ನು ಅಮ್ಮ ವಹಿಸಿಕೊಂಡಿದ್ದಳು.

ಅಳಿಯ ಎಲ್ಲವನ್ನೂ ನೋಡುತ್ತಾ ನಿಂತಿದ್ದವನು, "ಅಜ್ಜಿ, ಇದು ಗ್ರಾಫಿಕ್ಸ್ ಕಾರ್ಡಿಗೂ ನಡೆಯುತ್ತದೆಯೇ?" ಎಂದು ಕೇಳಿದ.

"ಮೊದಲು ನಿಮ್ಮ ಮಾವನಿಂದ ದುಡ್ಡು ಹೊರಡಿಸು, ಆಮೇಲೆ ಬಂದು ಮುಟ್ಟುತ್ತೇನೆ" ಎಂದಳು ಅಮ್ಮ.