ಮಾವನ ತಟ್ಟೆಯಲ್ಲಿದ್ದ ಇಪ್ಪತ್ತೆಂಟು

ಮೊನ್ನೆ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಸೋದರಮಾವ ಶುರು ಮಾಡಿದರು. “ಅಲ್ಲ ಕಣವ್ವ, ಈ ಯೂನಿವರ್ಸಿಟಿಯೋರು ಐದಾರು ವರ್ಷ ರಿಸರ್ಚು ರಿಸರ್ಚು ಅಂತಾರಲ್ಲ, ಅದೇನ್ ಕಡ್ದು ಗುಡ್ಡೆ ಹಾಕ್ತಾರೆ?”

ನಾನೂ ಪಿಎಚ್.ಡಿ. ಮಾಡಿದವಳು. ಕೋಪ ಬಂತು. ಆದರೆ ಅವರ ತಟ್ಟೆ ನೋಡಿ ನಗುವೂ ಬಂತು.

“ಮುದ್ದೆ ಯಾವ ರಾಗೀದು ಮಾವ?”

“ಇಪ್ಪತ್ತೆಂಟು. ಅದಕ್ಕೆ ಬೆಂಕಿ ರೋಗ ಅಷ್ಟಾಗಿ ಬರಲ್ಲ.”

ಇಪ್ಪತ್ತೆಂಟು ಅಂದರೆ ಜಿಪಿಯು-28. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ತಯಾರಾಗಿ 90ರ ದಶಕದಲ್ಲಿ ರೈತರ ಕೈಗೆ ಬಂದ ತಳಿ. ಅದರ ವಂಶ ಹುಡುಕಿಕೊಂಡು ಹೋದರೆ ಇಂಡಾಫ್ ಅನ್ನೋ ಹಳೆಯ ರಾಗಿ ತಳಿಗಳು ಸಿಗುತ್ತವೆ. ನಮ್ಮಜ್ಜಿ ಬಾಯಲ್ಲಿ ‘ಇಂಡಾಪು’. ಹಾಗಂದರೆ ಇಂಡಿಯಾ, ಆಫ್ರಿಕಾ. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು.

ಸುಲಭದ ಕೆಲಸ ಅಂದುಕೊಳ್ಳಬೇಡಿ. ರಾಗಿಯ ಹೂ ಎಷ್ಟು ಸಣ್ಣದು ಅಂದರೆ ಹೊಲದಲ್ಲೇ ಹುಟ್ಟಿ ಬೆಳೆದವರಿಗೂ ಕಂಡಿರುವುದಿಲ್ಲ. ಅರಳುವುದು ಬೆಳಗಿನ ಜಾವ. ಅದರಲ್ಲೂ ತನ್ನ ಪರಾಗವನ್ನು ತಾನೇ ತೆಗೆದುಕೊಂಡು ಮುಗಿಸಿಬಿಡುತ್ತದೆ, ಹೊರಗಿನದಕ್ಕೆ ಬಾಗಿಲು ತೆರೆಯುವುದೇ ಅಪರೂಪ. ಎರಡು ಗಿಡದ ತೆನೆಗಳನ್ನು ಒಟ್ಟಿಗೆ ಕಟ್ಟಿ ಕಾಯುವುದು ಒಂದು ದಾರಿ. ಆಮೇಲೆ ಸಾವಿರಾರು ಪೈರಿನಲ್ಲಿ ಮಿಶ್ರ ಸಂತಾನ ಯಾವುದು ಅಂತ ಹುಡುಕಬೇಕು. ಸಿಕ್ಕಿದ್ದನ್ನು ಮತ್ತೆ ಬಿತ್ತಿ, ಮತ್ತೆ ಆರಿಸಿ, ಹೀಗೇ ವರ್ಷಗಟ್ಟಲೆ. ಅಷ್ಟು ವರ್ಷ “ಏನ್ರೀ ನಿಮ್ಮ ಔಟ್‌ಪುಟ್ಟು?” ಅಂತ ಯಾರಾದರೂ ತಲೆ ತಿಂದಿದ್ದರೆ ಮಾವನ ತಟ್ಟೆಗೆ ಈ ಮುದ್ದೆ ಬರುತ್ತಿತ್ತಾ, ನನಗೆ ಅನುಮಾನ.

ಅವರೆಕಾಯಿ ಕಥೆಯೂ ಹೀಗೇ. ಮೊದಲು ಹಗಲು ಚಿಕ್ಕದಾಗುವ ಚಳಿಗಾಲ ಬಂದರೆ ಮಾತ್ರ ಅವರೆ ಹೂ ಬಿಡುತ್ತಿತ್ತು. ಆ ಕಟ್ಟು ಬಿಡಿಸಿದ್ದು ಅದೇ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ತಳಿಗಳು. (ಬೇಸಿಗೆ ಅವರೆಗೆ ಆ ಸೊಗಡಿಲ್ಲ ಅನ್ನೋ ನನ್ನ ತಕರಾರು ಹಾಗೇ ಇದೆ.)

ಇಷ್ಟೆಲ್ಲ ಹೇಳಿದೆ. ಮಾವ ತಲೆಯಾಡಿಸಿ, “ಅದು ಸರಿ, ನಿಂದೇನು?” ಅಂದರು.

ನನ್ನದು ಗ್ರಾಮೀಣ ಸಂತೆಗಳ ಮೇಲಿನ ಅಧ್ಯಯನ. 140 ವ್ಯಾಪಾರಿಗಳನ್ನು ಮಾತಾಡಿಸಿದ್ದೆ. ಸಾಲ ಎಲ್ಲಿ ತರುತ್ತಾರೆ, ಬಡ್ಡಿ ಎಷ್ಟು, ಮಿಕ್ಕ ತರಕಾರಿ ಏನು ಮಾಡುತ್ತಾರೆ, ಎಲ್ಲ ಬರೆದುಕೊಂಡಿದ್ದೆ. ಅದು 312 ಪುಟದ ಇಂಗ್ಲಿಷ್ ಪುಸ್ತಕವಾಯಿತು. ಮೆರೂನ್ ರಟ್ಟು, ಚಿನ್ನದ ಅಕ್ಷರ. ಒಂದು ಪ್ರತಿ ಲೈಬ್ರರಿಯಲ್ಲಿ, ಒಂದು ನಮ್ಮ ಮನೆ ಬೀರುವಿನಲ್ಲಿ ಸೀರೆಗಳ ಕೆಳಗೆ. ಅದರಿಂದ ಎರಡು ಲೇಖನವೂ ಪ್ರಕಟವಾದವು, ಒಂದಕ್ಕೆ ನಾನೇ ದುಡ್ಡು ಕಟ್ಟಿದ್ದೆ. ಆಗ ಪ್ರಕಟಿಸದೆ ಪಿಎಚ್.ಡಿ. ಇರಲಿಲ್ಲ. 2022ರಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಆ ಕಡ್ಡಾಯ ತೆಗೆಯಿತು, ಒಳ್ಳೆಯದೇ ಆಯಿತು. ಆದರೆ ಕಲಿತದ್ದನ್ನು ನಿಮ್ಮ ಜತೆ ಮಾತಾಡಿದ ವ್ಯಾಪಾರಿಗಳಿಗೆ ವಾಪಸ್ ಹೇಳಿ ಬನ್ನಿ ಅಂತ ನನಗಂತೂ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ಕನ್ನಡದಲ್ಲಿ ನಾಲ್ಕು ಪುಟ ಬರೆದು ಹಂಚಿದ್ದರೆ ಎಷ್ಟು ಖರ್ಚಾಗುತ್ತಿತ್ತು ಹೇಳಿ?

ಲಕ್ಷ್ಮಣಯ್ಯನವರ ಕೆಲಸಕ್ಕೂ ನನ್ನದಕ್ಕೂ ಇರೋ ದೂರ ಬುದ್ಧಿವಂತಿಕೆಯದು ಮಾತ್ರ ಅಲ್ಲ ಅನಿಸುತ್ತದೆ. ಅವರ ರಾಗಿ ಹೊಲಕ್ಕೆ ಹೋಗಲೇಬೇಕಿತ್ತು. ನನ್ನದು ಎಲ್ಲಿಗೂ ಹೋಗಬೇಕಿರಲಿಲ್ಲ.

ಮಾರನೆಯ ದಿನ ಅದೇ ಸಂತೆಗೆ ಹೋಗಿದ್ದೆ. ಸೊಪ್ಪು ಮಾರುವ ಅಜ್ಜಿ ಗುರುತು ಹಿಡಿದರು. “ಅವತ್ತು ಎಲ್ಲಾನೂ ಬರ್ಕೊಂಡ್ ಹೋದ್ಯಲ್ಲವ್ವ, ಅದೇನಾಯ್ತು?”

ಬೇಡದಿದ್ದರೂ ನಾಲ್ಕು ಕಟ್ಟು ದಂಟು ತೆಗೆದುಕೊಂಡು ಬಂದೆ.