ಅರ್ಜಿಯಲ್ಲಿನ ಆರೋಪಕ್ಕೆ ವಕೀಲರೂ ಹೊಣೆಗಾರರು: ಒಂದು ಸ್ಪಷ್ಟನೆ

‘ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಯಲ್ಲಿ ಯಾರ ಮೇಲೆ ಏನನ್ನು ಬೇಕಾದರೂ ಆರೋಪಿಸಬಹುದು, ಕಕ್ಷಿದಾರರು ಹೇಳಿದ್ದನ್ನು ಬರೆದ ವಕೀಲರಿಗೆ ಯಾವ ಹೊಣೆಯೂ ಇಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಅರ್ಜಿಯಲ್ಲಿನ ಮಾತುಗಳಿಗೆ ಮಾನನಷ್ಟ ಮೊಕದ್ದಮೆಯಿಂದ ಹಲವು ದೇಶಗಳಲ್ಲಿ ರಕ್ಷಣೆ ಇರುವುದು ನಿಜ. ಈ ತಪ್ಪು ತಿಳಿವಳಿಕೆ ಅಲ್ಲಿಂದಲೇ ಹುಟ್ಟಿರಬೇಕು. ಆದರೆ ಆ ರಕ್ಷಣೆಯೇ ಬೇರೆ, ವೃತ್ತಿಧರ್ಮವೇ ಬೇರೆ. ಅಮೆರಿಕದ ಫೆಡರಲ್ ಸಿವಿಲ್ ನಿಯಮ 11ರ ಪ್ರಕಾರ, ವಕೀಲರು ಸಹಿ ಹಾಕಿದೊಡನೆ, ಸಂದರ್ಭಕ್ಕೆ ತಕ್ಕಷ್ಟು ವಿಚಾರಿಸಿ ನೋಡಿಯೇ ಬರೆದಿದ್ದೇವೆಂದು ದೃಢೀಕರಿಸಿದಂತಾಗುತ್ತದೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 4ನೇ ನಿಯಮವು ವಂಚನೆಯ ಆರೋಪಕ್ಕೆ ವಿವರಗಳನ್ನು, ಅಗತ್ಯವಿದ್ದಲ್ಲಿ ದಿನಾಂಕ ಸಮೇತ, ಕೇಳುತ್ತದೆ. ‘ಪ್ರತಿವಾದಿ ಮೋಸ ಮಾಡಿದ್ದಾರೆ’ ಎಂಬ ಒಂದು ಸಾಲು ಸಾಲದು. ಯಾವ ಪತ್ರದಲ್ಲಿ, ಎಂದು, ಯಾವ ಸುಳ್ಳನ್ನು ಹೇಳಿ ಸಹಿ ಪಡೆದರು ಎಂಬುದು ಅಲ್ಲಿರಬೇಕು.

ಹಾಗೆಂದು ಅರ್ಜಿ ಬರೆಯುವ ದಿನವೇ ಎಲ್ಲ ಪುರಾವೆ ಕೈಯಲ್ಲಿರಬೇಕೆಂದಲ್ಲ. 2002ರಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮೆಡ್‌ಕಾಫ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ವಂಚನೆಯನ್ನು ಆರೋಪಿಸುವ ಹಂತದಲ್ಲಿ ವಕೀಲರ ಮುಂದಿರುವ ಸಾಮಗ್ರಿ ಸಾಕ್ಷ್ಯವಾಗಿ ಅಂಗೀಕಾರಾರ್ಹವೇ ಆಗಿರಬೇಕಿಲ್ಲ, ಆದರೆ ಹೊಣೆಯರಿತ ವಕೀಲರು ಅದನ್ನು ನೋಡಿ ಇಂಥ ಗಂಭೀರ ಆರೋಪಕ್ಕೆ ಆಧಾರವಿದೆ ಎಂಬ ನಿರ್ಧಾರಕ್ಕೆ ಬರುವಂತಿರಬೇಕು. ನನ್ನ ದೃಷ್ಟಿಯಲ್ಲಿ ಇದು ನ್ಯಾಯವಾದ ಗೆರೆ, ಏಕೆಂದರೆ ಮುಂದೆ ಆರೋಪ ಬಿದ್ದುಹೋದರೂ ಅರ್ಜಿಯಲ್ಲಿ ಹೆಸರು ಬಂದವರಿಗೆ ತಗುಲಿದ ಕಳಂಕ ಸುಲಭಕ್ಕೆ ತೊಳೆದುಹೋಗುವುದಿಲ್ಲ.